ಮಗಳ ಗ್ರೀನ್ ಕಾರ್ಡ್ ಮತ್ತು ಊರಿನವರ ಆರು ತಿಂಗಳ ಲೆಕ್ಕ

ನಮ್ಮ ಕರಾವಳಿಯಲ್ಲಿ ವೀಸಾದ ವಿಷಯ ಬಂದರೆ ಪ್ರತಿ ಕುಟುಂಬದಲ್ಲೂ ಸಲಹೆ ಕೊಡಲು ಒಬ್ಬರು ಅನುಭವಸ್ಥರಿರುತ್ತಾರೆ. ಬಜಪೆಯಿಂದ ದುಬೈಗೋ ಮಸ್ಕತ್‌ಗೋ ಹೋಗಿ, ಅಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷ ದುಡಿದು, ಊರಿನಲ್ಲಿ ಮನೆ ಕಟ್ಟಿಸಿ, ತಂಗಿಯರ ಮದುವೆ ಮಾಡಿಸಿದ ಇಂಥವರ ಮಾತಿಗೆ ಮನೆಯಲ್ಲಿ ತೂಕವಿರುವುದು ಸಹಜ. ನನ್ನ ಮಗಳಿಗೆ ಮದುವೆಯ ಆಧಾರದ ಮೇಲೆ ಅಮೆರಿಕದಲ್ಲಿ ಖಾಯಂ ನೆಲೆಸಲು ಕೊಡುವ ಗ್ರೀನ್ ಕಾರ್ಡ್ ಬಂದ ಸುದ್ದಿ ತಿಳಿದಾಗ ಹೆಂಡತಿಯ ಅಣ್ಣ ಫೋನ್ ಮಾಡಿ, “ಇನ್ನೇನು ಭಾವ, ಎಲ್ಲ ಮುಗಿಯಿತಲ್ಲ. ಆರು ತಿಂಗಳಿಗೊಮ್ಮೆ ಹೋಗಿ ಕಾಲಿಟ್ಟು ಬಂದರೆ ಆಯಿತು, ಕಾರ್ಡ್ ಎಲ್ಲಿಗೂ ಹೋಗುವುದಿಲ್ಲ” ಎಂದರು. ಅದೇ ಮಾತನ್ನು ಆಮೇಲೆ ಕದ್ರಿಯ ನಮ್ಮ ನೆರೆಯವರಿಂದಲೂ, ಉಡುಪಿಯ ಬೀಗರ ಕಡೆಯವರಿಂದಲೂ ಕೇಳಿದೆ. ಹೇಳಿದವರೆಲ್ಲ ಹಿತೈಷಿಗಳು. ಆದರೆ ಆ ಲೆಕ್ಕ ಗಲ್ಫಿನದು. ಅಮೆರಿಕದ ಕಾನೂನಿಗೆ ಅದು ಹೊಂದುವುದಿಲ್ಲ.

ನಾನು ವಕೀಲನಲ್ಲ, ಬ್ಯಾಂಕಿನಲ್ಲಿ ನೌಕರಿ ಮಾಡಿ ನಿವೃತ್ತನಾದವನು. ನಿಯಮಾವಳಿಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ವೃತ್ತಿಯ ಚಾಳಿ ಇನ್ನೂ ಬಿಟ್ಟಿಲ್ಲ. ಮಗಳ ವಿಷಯಕ್ಕಾಗಿ ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ನ ಸೂಚನೆಗಳನ್ನು ಓದಿದೆ, ಅರ್ಥವಾಗದ ಕಡೆ ಬಲ್ಲವರನ್ನು ಕೇಳಿದೆ. ಮಂಗಳೂರು, ಉಡುಪಿಯಿಂದ ಹೆಣ್ಣನ್ನೋ ಗಂಡನ್ನೋ ಇದೇ ದಾರಿಯಲ್ಲಿ ಕಳುಹಿಸುವ ಮನೆಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ. ತೊಡಕಿನ ಪ್ರಕರಣಗಳಿರುವವರು ವಲಸೆ ಕಾನೂನಿನ ವಕೀಲರನ್ನೇ ಕಾಣಬೇಕು.

ಮೊದಲಿಗೆ ಆ ಆರು ತಿಂಗಳ ವಿಚಾರ. ಗಲ್ಫಿನ ನಿವಾಸ ಪರವಾನಗಿ ಸಾಮಾನ್ಯವಾಗಿ ಉದ್ಯೋಗಕ್ಕೆ ಅಂಟಿಕೊಂಡಿರುತ್ತದೆ. ಕೆಲಸವಿರುವವರೆಗೆ ವೀಸಾ, ಕೆಲಸ ಹೋದರೆ ಊರಿಗೆ. ಅಲ್ಲಿ ಎಷ್ಟು ವರ್ಷ ಇದ್ದರೂ ಮನೆ ಎಂಬುದು ಕಾರ್ಕಳದಲ್ಲೋ ಕುಂದಾಪುರದಲ್ಲೋ ಇರುತ್ತದೆ ಎಂಬುದನ್ನು ಆ ಸರ್ಕಾರಗಳೂ ಒಪ್ಪಿಕೊಂಡಿವೆ, ನಾವೂ ಒಪ್ಪಿಕೊಂಡಿದ್ದೇವೆ. ದೇಶದಿಂದ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವೀಸಾ ರದ್ದಾಗುತ್ತದೆ, ಅದರೊಳಗೆ ಮರಳಿದರೆ ಉಳಿಯುತ್ತದೆ ಎಂಬ ಲೆಕ್ಕ ನಮ್ಮವರ ತಲೆಯಲ್ಲಿ ಕೂತದ್ದು ಅಲ್ಲಿಂದ. ಗ್ರೀನ್ ಕಾರ್ಡಿನ ವಿಷಯದಲ್ಲಿ ಅಧಿಕಾರಿ ಕೇಳುವ ಪ್ರಶ್ನೆಯೇ ಬೇರೆ: ನಿಮ್ಮ ಮನೆ ಎಲ್ಲಿದೆ? ಅಮೆರಿಕದಲ್ಲಿ ನೆಲೆಸುತ್ತೇನೆಂದು ಹೇಳಿ ಈ ಕಾರ್ಡ್ ಪಡೆದಿದ್ದೀರಿ, ನಿಜವಾಗಿ ನೆಲೆಸಿದ್ದೀರಾ? ವರ್ಷದ ಬಹುಪಾಲು ಮಂಗಳೂರಿನಲ್ಲಿದ್ದು, ಐದು ತಿಂಗಳಿಗೊಮ್ಮೆ ಹೋಗಿ ಎರಡು ವಾರ ಇದ್ದು ಬರುವವರನ್ನು, ಪ್ರತಿ ಪ್ರವಾಸವೂ ಆರು ತಿಂಗಳೊಳಗೇ ಇದ್ದರೂ, ನಿವಾಸವನ್ನು ತ್ಯಜಿಸಿದವರೆಂದು ಪರಿಗಣಿಸಲು ಕಾನೂನಿನಲ್ಲಿ ಅವಕಾಶವಿದೆ. ಅಲ್ಲಿ ಬಾಡಿಗೆ ಕರಾರು ಅಥವಾ ಮನೆ, ಉದ್ಯೋಗ, ತೆರಿಗೆ ವಿವರಪಟ್ಟಿ, ಬ್ಯಾಂಕ್ ವ್ಯವಹಾರ, ಸಂಗಾತಿಯೊಡನೆ ಬಾಳುವೆ ಇವೆಲ್ಲ ಇದ್ದರೆ ಮಾತ್ರ ಪ್ರವಾಸ ಎನ್ನುವುದು ಪ್ರವಾಸವಾಗಿ ಕಾಣುತ್ತದೆ.

ಹಾಗೆಂದು ದಿನಗಳ ಲೆಕ್ಕಕ್ಕೆ ಬೆಲೆಯೇ ಇಲ್ಲವೆಂದಲ್ಲ. ಒಂದೇ ಪ್ರವಾಸದಲ್ಲಿ 180 ದಿನಕ್ಕಿಂತ ಹೆಚ್ಚು ಹೊರಗಿದ್ದು ಮರಳಿದವರನ್ನು ಹೊಸದಾಗಿ ಪ್ರವೇಶ ಕೋರುವವರಂತೆ ಪರಿಶೀಲಿಸಬಹುದು. ಪೌರತ್ವಕ್ಕೆ ಬೇಕಾದ ನಿರಂತರ ವಾಸವೂ ಆರು ತಿಂಗಳು ಮೀರಿದರೆ ಮುರಿದಿದೆಯೆಂಬ ಊಹೆಗೆ ಒಳಗಾಗುತ್ತದೆ, ಹಾಗಲ್ಲವೆಂದು ತೋರಿಸುವ ಹೊಣೆ ನಮ್ಮ ಮೇಲೆ ಬೀಳುತ್ತದೆ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಹೊರಗುಳಿದರೆ ಕಾರ್ಡೊಂದನ್ನೇ ತೋರಿಸಿ ಒಳಗೆ ಹೋಗಲು ಆಗುವುದಿಲ್ಲ. ಅತ್ತೆಯ ಕಾಯಿಲೆ, ಬಾಣಂತನ, ಆಸ್ತಿಯ ವ್ಯಾಜ್ಯ ಇಂಥ ಕಾರಣಕ್ಕೆ ದೀರ್ಘಕಾಲ ಊರಿನಲ್ಲಿ ಇರಬೇಕಾಗುತ್ತದೆಂದು ಮೊದಲೇ ಗೊತ್ತಿದ್ದರೆ ಐ-131 ನಮೂನೆಯಲ್ಲಿ ಮರುಪ್ರವೇಶ ಪರವಾನಗಿಗೆ ಅರ್ಜಿ ಹಾಕಬೇಕು. ಅದನ್ನು ಅಮೆರಿಕದೊಳಗೆ ಇರುವಾಗಲೇ ಸಲ್ಲಿಸಬೇಕಾದ್ದರಿಂದ, ಮಂಗಳೂರಿಗೆ ಬಂದ ಮೇಲೆ ಅದರ ನೆನಪಾದರೆ ಪ್ರಯೋಜನವಿಲ್ಲ. ಅದರ ಅವಧಿ ಹೆಚ್ಚೆಂದರೆ 2 ವರ್ಷ. ಹೊಸದಾಗಿ ಮದುವೆಯಾದವರಿಗೆ ಸಿಗುವ 2 ವರ್ಷದ ಷರತ್ತಿನ ಕಾರ್ಡ್ ಇರುವವರಿಗೆ ಆ ಷರತ್ತಿನ ಅವಧಿ ಮುಗಿಯುವ ದಿನವನ್ನು ಅದು ದಾಟುವುದಿಲ್ಲ.

ಇನ್ನೊಂದು ಮಾತು. ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬರು ಐ-407 ಎಂಬ ನಮೂನೆಯನ್ನು ಮುಂದಿಟ್ಟು ಸಹಿ ಮಾಡಿ ಎಂದರೆ, ಅದು ಖಾಯಂ ನಿವಾಸವನ್ನು ಸ್ವಇಚ್ಛೆಯಿಂದ ಬಿಟ್ಟುಕೊಡುವ ಪತ್ರವೆಂಬುದು ತಿಳಿದಿರಬೇಕು. ಒಪ್ಪಿಗೆಯಿಲ್ಲದೆ ಸಹಿ ಮಾಡಬೇಕಾಗಿಲ್ಲ. ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳುವ ಹಕ್ಕು ಕಾರ್ಡ್ ಪಡೆದವರಿಗೆ ಇದೆ. ಅಬುಧಾಬಿಯ ಮೂಲಕ ಹೋಗುವ ನಮ್ಮ ಕಡೆಯವರಿಗೆ ಗೊತ್ತಿರಬೇಕಾದ ಸಂಗತಿಯೆಂದರೆ, ಅಮೆರಿಕದ ಗಡಿ ತಪಾಸಣೆ ಆ ವಿಮಾನ ನಿಲ್ದಾಣದಲ್ಲೇ ನಡೆದುಬಿಡುತ್ತದೆ. ಈ ಪ್ರಶ್ನೆಗಳೆಲ್ಲ ನ್ಯೂಯಾರ್ಕಿನಲ್ಲಿ ಇಳಿದ ಮೇಲೆ ಬರುತ್ತವೆ ಎಂದುಕೊಂಡು ಕೂರಬಾರದು.

ಈಗ ಕಾರ್ಡಿನ ವಿಷಯಕ್ಕೆ ಬರೋಣ. ನನ್ನ ಅಳಿಯ ಅಮೆರಿಕದ ಪೌರ. ಮಗಳ ಸಂದರ್ಶನ ಮುಂಬಯಿಯ ಕಾನ್ಸುಲೇಟಿನಲ್ಲಿ ಆಗಿ, ವೀಸಾ ಪಾಸ್‌ಪೋರ್ಟಿನಲ್ಲಿ ಅಂಟಿಸಿ ಬಂತು. ಅವಳು ಅಮೆರಿಕ ಪ್ರವೇಶಿಸಿದ ದಿನ ಮದುವೆಯಾಗಿ ಎರಡು ವರ್ಷ ಆಗಿರಲಿಲ್ಲವಾದ್ದರಿಂದ ಸಿಕ್ಕಿದ್ದು 2 ವರ್ಷದ ಷರತ್ತಿನ ಕಾರ್ಡ್. ಎರಡು ವರ್ಷ ಕಳೆದ ಮೇಲೆ ಪ್ರವೇಶಿಸುವವರಿಗೆ ನೇರವಾಗಿ 10 ವರ್ಷದ ಕಾರ್ಡ್ ಸಿಗುತ್ತದೆ. ಕಾರ್ಡಿನ ಮೇಲಿರುವ ವರ್ಗದ ಸಂಕೇತ ನೋಡಿದರೆ ಇದು ಗೊತ್ತಾಗುತ್ತದೆ: ಕಾನ್ಸುಲೇಟಿನ ಮೂಲಕ ಹೋದವರಿಗೆ ಸಿಆರ್1 ಎಂದಿದ್ದರೆ ಷರತ್ತಿನದು, ಐಆರ್1 ಎಂದಿದ್ದರೆ ಅಲ್ಲ. ಅಮೆರಿಕದಲ್ಲೇ ಇದ್ದುಕೊಂಡು ಬೇರೆ ವೀಸಾದಿಂದ ಖಾಯಂ ನಿವಾಸಕ್ಕೆ ಬದಲಾಯಿಸಿಕೊಂಡವರಿಗೆ ಅದೇ ಕ್ರಮದಲ್ಲಿ ಸಿಆರ್6, ಐಆರ್6 ಎಂದಿರುತ್ತದೆ.

ಷರತ್ತಿನ ಕಾರ್ಡನ್ನು ನವೀಕರಿಸುವ ಪದ್ಧತಿ ಇಲ್ಲ. ಷರತ್ತನ್ನೇ ತೆಗೆಸಬೇಕು, ಅದಕ್ಕೆ ಐ-751 ಅರ್ಜಿ. ಗಂಡ ಹೆಂಡತಿ ಇಬ್ಬರೂ ಸೇರಿ ಸಹಿ ಮಾಡಿ, ಕಾರ್ಡಿನ ಅವಧಿ ಮುಗಿಯುವುದಕ್ಕೆ ಮುಂಚಿನ 90 ದಿನಗಳೊಳಗೆ ಸಲ್ಲಿಸಬೇಕಾದ ಅರ್ಜಿ ಇದು. ಜಂಟಿ ಅರ್ಜಿ ಅದಕ್ಕಿಂತ ಮೊದಲೇ ಹೋದರೆ ಹಿಂದಕ್ಕೆ ಬರಬಹುದು. ಸಲ್ಲಿಸದೇ ಬಿಟ್ಟರೆ ಎರಡು ವರ್ಷ ತುಂಬಿದ ದಿನ ನಿವಾಸದ ಹಕ್ಕು ತಾನಾಗಿ ಕೊನೆಗೊಳ್ಳುತ್ತದೆ. 10 ವರ್ಷದ ಕಾರ್ಡ್ ನವೀಕರಣಕ್ಕಿರುವ ಐ-90 ನಮೂನೆಯನ್ನು ಇದಕ್ಕೆ ಬಳಸುವಂತಿಲ್ಲ. ಅರ್ಜಿ ತಲುಪಿದ ಮೇಲೆ ಇಲಾಖೆ ಕಳಿಸುವ ರಸೀದಿ ಪತ್ರ 2023ರ ಜನವರಿಯಿಂದೀಚೆಗೆ ಹಳೆಯ ಕಾರ್ಡಿನ ಮಾನ್ಯತೆಯನ್ನು 48 ತಿಂಗಳು ವಿಸ್ತರಿಸುತ್ತದೆ. ಅಷ್ಟು ದೀರ್ಘ ವಿಸ್ತರಣೆ ಕೊಡುತ್ತಾರೆಂದರೆ ತೀರ್ಮಾನಕ್ಕೆ ಎಷ್ಟು ಕಾಲ ಕಾಯಬೇಕಾಗಬಹುದೆಂಬುದನ್ನು ಊಹಿಸಿಕೊಳ್ಳಬಹುದು. ಆ ಪತ್ರದ ಮೂಲಪ್ರತಿಯನ್ನು ಕಾರ್ಡಿನಷ್ಟೇ ಜೋಪಾನವಾಗಿ ಇಟ್ಟುಕೊಳ್ಳಬೇಕು, ಊರಿಗೆ ಬರುವಾಗ ಜೊತೆಯಲ್ಲೇ ತರಬೇಕು.

ಈ ಅರ್ಜಿಗೆ ಬೇಕಾದ ಪುರಾವೆಗಳ ಬಗ್ಗೆ ನಮ್ಮ ಮನೆಗಳಲ್ಲಿರುವ ಕಲ್ಪನೆ ಬೇರೆಯೇ. ಸಾವಿರ ಜನ ಉಂಡೆದ್ದ ಮದುವೆ, ಮೂರು ಆಲ್ಬಮ್, ಡ್ರೋನ್‌ನಿಂದ ತೆಗೆದ ವಿಡಿಯೊ ಇವೆಲ್ಲ ಮದುವೆ ನಡೆಯಿತೆಂಬುದಕ್ಕೆ ಸಾಕ್ಷಿ. ಅಧಿಕಾರಿಗೆ ಬೇಕಾಗಿರುವುದು ಆಮೇಲೆ ಸಂಸಾರ ನಡೆಯಿತೆಂಬುದಕ್ಕೆ ಸಾಕ್ಷಿ. ಇಬ್ಬರ ಹೆಸರಿರುವ ಬಾಡಿಗೆ ಕರಾರು ಅಥವಾ ಗೃಹಸಾಲ, ಜಂಟಿ ಬ್ಯಾಂಕ್ ಖಾತೆಯ ವಿವರ, ಜೊತೆಯಾಗಿ ಸಲ್ಲಿಸಿದ ತೆರಿಗೆ ಪಟ್ಟಿ, ಒಬ್ಬರ ಆರೋಗ್ಯ ವಿಮೆಯಲ್ಲಿ ಇನ್ನೊಬ್ಬರ ಹೆಸರು, ಜೀವವಿಮೆಯ ನಾಮಿನಿ, ಮಕ್ಕಳಾಗಿದ್ದರೆ ಅವರ ಜನನ ಪ್ರಮಾಣಪತ್ರ ಇವು ಮುಖ್ಯ. ಫೋಟೊಗಳೂ, ದಂಪತಿಯನ್ನು ಬಲ್ಲವರ ಅಫಿಡವಿಟ್ಟುಗಳೂ ಇವುಗಳ ಜೊತೆಗೆ ಹೋಗುತ್ತವೆ. ಕೊನೆಯ ತಿಂಗಳಲ್ಲಿ ತೆರೆದ ಜಂಟಿ ಖಾತೆಗೆ ಬೆಲೆ ಕಡಿಮೆ. ಬ್ಯಾಂಕಿನವನಾಗಿ ಹೇಳುತ್ತೇನೆ, ಖಾತೆಯ ಪುಟ ತಿರುವಿದರೆ ಅದು ಸಂಸಾರದ ಖಾತೆಯೋ ತೋರಿಕೆಯದೋ ಎಂಬುದು ಅಲ್ಲಿನ ಜಮೆ ಖರ್ಚಿನಿಂದಲೇ ಗೊತ್ತಾಗುತ್ತದೆ. ಮಗಳಿಗೆ ಹೋದ ಮೊದಲ ವಾರದಿಂದಲೇ ಒಂದು ಫೈಲ್ ಮಾಡಿ ಎಲ್ಲವನ್ನೂ ಅದರಲ್ಲಿ ಹಾಕುತ್ತಾ ಬಾ ಎಂದಿದ್ದೇನೆ.

ಮದುವೆ ಮುರಿದರೆ ಏನು ಎಂಬ ಪ್ರಶ್ನೆಯನ್ನು ನಮ್ಮ ಮನೆಗಳಲ್ಲಿ ಯಾರೂ ಎತ್ತುವುದಿಲ್ಲ, ಅಪಶಕುನವೆಂದು ಬಾಯಿ ಮುಚ್ಚಿಸುತ್ತಾರೆ. ನನ್ನ ಅಳಿಯನ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೂ ಹೆಣ್ಣು ಹೆತ್ತವರು ಈ ಭಾಗವನ್ನು ಓದದೆ ಬಿಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಗಂಡ ಸಹಿ ಹಾಕದಿದ್ದರೆ ಕಾರ್ಡ್ ಹೋಗುತ್ತದೆ, ಆದ್ದರಿಂದ ಏನಾದರೂ ಸಹಿಸಿಕೊಂಡಿರು ಎಂದು ಹುಡುಗಿಯರಿಗೆ ಹೇಳುವವರಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ಪ್ರಾಮಾಣಿಕವಾಗಿ ಆದ ಮದುವೆ ವಿಚ್ಛೇದನದಲ್ಲಿ ಕೊನೆಗೊಂಡಿದ್ದರೆ, ಸಂಗಾತಿ ತೀರಿಕೊಂಡಿದ್ದರೆ, ಸಂಗಾತಿಯಿಂದ ಹಿಂಸೆ ಅಥವಾ ತೀವ್ರ ಕ್ರೌರ್ಯ ನಡೆದಿದ್ದರೆ, ದೇಶ ಬಿಡಿಸುವುದರಿಂದ ವಿಪರೀತ ಕಷ್ಟವಾಗುವಂತಿದ್ದರೆ, ಜಂಟಿ ಸಹಿಯಿಂದ ವಿನಾಯಿತಿ ಕೋರಿ ಒಬ್ಬರೇ ಐ-751 ಸಲ್ಲಿಸಬಹುದು. ಅಂಥ ಅರ್ಜಿಗೆ ಆ 90 ದಿನಗಳ ಕಿಟಕಿಯವರೆಗೆ ಕಾಯಬೇಕಾಗಿಯೂ ಇಲ್ಲ. ಆಗಲೂ ಬೇಕಾಗುವುದು ಸಂಸಾರದ ಪುರಾವೆಗಳೇ ಆದ್ದರಿಂದ ಅವುಗಳ ಒಂದು ಪ್ರತಿ ಅವಳ ಸ್ವಂತ ಇಮೇಲಿನಲ್ಲೋ, ತೌರುಮನೆಯಲ್ಲೋ ಇರಬೇಕು. ಪಾಸ್‌ಪೋರ್ಟ್, ಗ್ರೀನ್ ಕಾರ್ಡ್, ಕೆಲಸಕ್ಕೂ ತೆರಿಗೆಗೂ ಬೇಕಾದ ಸಂಖ್ಯೆಯಿರುವ ಸೋಶಿಯಲ್ ಸೆಕ್ಯುರಿಟಿ ಕಾರ್ಡ್ ಅವಳ ಕೈಯಲ್ಲೇ ಇರಬೇಕು, ಅತ್ತೆ ಮಾವಂದಿರ ಕಪಾಟಿನಲ್ಲಲ್ಲ.

ಇದೇ ಸಂದರ್ಭದಲ್ಲಿ ಐ-864 ಎಂಬ ಬೆಂಬಲದ ಅಫಿಡವಿಟ್ಟನ್ನೂ ನೆನಪಿಸುತ್ತೇನೆ. ವೀಸಾ ಅರ್ಜಿಯ ಕಾಲದಲ್ಲಿ ಗಂಡ, ಆದಾಯ ಸಾಲದಿದ್ದರೆ ಜೊತೆಗೆ ಇನ್ನೊಬ್ಬ ಸ್ಪಾನ್ಸರ್, ಇದಕ್ಕೆ ಸಹಿ ಮಾಡಿರುತ್ತಾರೆ. ಸರ್ಕಾರದ ಬಡತನ ಮಾರ್ಗಸೂಚಿಯ ಸಾಮಾನ್ಯವಾಗಿ 125 ಪ್ರತಿಶತದ ಮಟ್ಟದಲ್ಲಿ ಅವಳನ್ನು ನೋಡಿಕೊಳ್ಳುತ್ತೇನೆಂಬ ಈ ಒಪ್ಪಂದವನ್ನು ನ್ಯಾಯಾಲಯದ ಮೂಲಕ ಜಾರಿ ಮಾಡಿಸಲು ಬರುತ್ತದೆ. ಅವಳು ಪೌರಳಾಗುವವರೆಗೆ, ಅಥವಾ 40 ತ್ರೈಮಾಸಿಕಗಳ ದುಡಿಮೆ ಅವಳ ಲೆಕ್ಕಕ್ಕೆ ಸೇರುವವರೆಗೆ, ಅಥವಾ ಅವಳು ನಿವಾಸ ಬಿಟ್ಟುಕೊಟ್ಟು ದೇಶ ಬಿಡುವವರೆಗೆ ಅದು ಊರ್ಜಿತ. ವಿಚ್ಛೇದನದಿಂದ ಅದು ಕೊನೆಗೊಳ್ಳುವುದಿಲ್ಲ. ಮದುವೆಯ ಮಾತುಕತೆಯಲ್ಲಿ ಚಿನ್ನದ ಪವನಿನ ಲೆಕ್ಕ ಇಡುವ ನಾವು ಈ ಕಾಗದದ ಒಂದು ಪ್ರತಿಯನ್ನು ಕೇಳಿ ಪಡೆಯುವುದಿಲ್ಲ.

ತಲುಪಿದ ಮೇಲಿನ ಸಣ್ಣಪುಟ್ಟ ಕೆಲಸಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕಾರ್ಡ್ ಮುದ್ರಣಕ್ಕಾಗಿ ಆನ್‌ಲೈನಿನಲ್ಲಿ ಕಟ್ಟಬೇಕಾದ ಶುಲ್ಕ 2024ರ ಏಪ್ರಿಲ್‌ನಿಂದ 235 ಡಾಲರ್ ಆಗಿದೆ; ಅದನ್ನು ಕಟ್ಟದಿದ್ದರೆ ಕಾರ್ಡ್ ಬರುವುದಿಲ್ಲ. ಪ್ರವೇಶದ ವೇಳೆ ಪಾಸ್‌ಪೋರ್ಟಿನ ವೀಸಾದ ಮೇಲೆ ಹಾಕುವ ಮುದ್ರೆಯೇ ಒಂದು ವರ್ಷದ ತನಕ ತಾತ್ಕಾಲಿಕ ಗ್ರೀನ್ ಕಾರ್ಡಿನಂತೆ ಸಲ್ಲುವುದರಿಂದ ಕಾರ್ಡ್ ಅಂಚೆಯಲ್ಲಿ ಬರುವ ಮೊದಲೇ ಕೆಲಸಕ್ಕೆ ಸೇರಬಹುದು. ವಲಸೆ ವೀಸಾದ ಡಿಎಸ್-260 ಅರ್ಜಿಯಲ್ಲಿ ಕೇಳಿಕೊಂಡಿದ್ದರೆ ಸೋಶಿಯಲ್ ಸೆಕ್ಯುರಿಟಿ ಕಾರ್ಡ್ ತಾನಾಗಿ ಬರುತ್ತದೆ, ಇಲ್ಲದಿದ್ದರೆ ಆ ಕಚೇರಿಗೆ ಹೋಗಬೇಕು. ಗಂಡನ ಉದ್ಯೋಗದಾತರ ಆರೋಗ್ಯ ವಿಮೆಗೆ ಹೆಸರು ಸೇರಿಸಲು ಇರುವ ಗಡುವು ಸಾಮಾನ್ಯವಾಗಿ 30 ದಿನದಷ್ಟು ಚಿಕ್ಕದಾಗಿರುತ್ತದೆ, ಇದನ್ನು ಹೋಗುವ ಮೊದಲೇ ವಿಚಾರಿಸಿಡಬೇಕು. ವಾಹನ ಓಡಿಸಲು ಬರುವವರು ಇಲ್ಲಿನ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು ಹೋದರೆ ಆರಂಭಕ್ಕೆ ಅನುಕೂಲ, ನೆಲೆಸಿದ ಮೇಲೆ ಆಯಾ ರಾಜ್ಯದ ಪರವಾನಗಿ ಪಡೆಯಲೇಬೇಕು. ಮನೆ ಬದಲಾಯಿಸಿದರೆ 10 ದಿನದೊಳಗೆ ಹೊಸ ವಿಳಾಸವನ್ನು ಯುಎಸ್‌ಸಿಐಎಸ್‌ಗೆ ತಿಳಿಸಬೇಕು. 18 ದಾಟಿದವರು ಕಾರ್ಡನ್ನು ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕೆಂಬುದೂ ಕಾನೂನೇ.

ಕಾರ್ಡ್ ಕೈಗೆ ಬಂದಾಗ ಹೆಸರು, ಜನ್ಮದಿನಾಂಕ, ವರ್ಗ, ನಿವಾಸ ಆರಂಭವಾದ ದಿನಾಂಕ ಇವನ್ನು ಪಾಸ್‌ಪೋರ್ಟಿನ ಜೊತೆ ಹೋಲಿಸಿ ನೋಡಬೇಕು. ಹೆಸರಿನ ಗೊಂದಲ ನಮ್ಮ ಜಿಲ್ಲೆಗಳವರಿಗೆ ಸ್ವಲ್ಪ ಜಾಸ್ತಿಯೇ ಇದೆ. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿನ ಇನಿಷಿಯಲ್, ಆಧಾರ್‌ನಲ್ಲಿ ಮನೆತನದ ಹೆಸರು, ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ, ಮದುವೆಯ ನೋಂದಣಿಯಲ್ಲಿ ಗಂಡನ ಉಪನಾಮ, ಹೀಗೆ ಒಬ್ಬಳೇ ಹುಡುಗಿ ನಾಲ್ಕು ಹೆಸರುಗಳಲ್ಲಿ ಓಡಾಡುತ್ತಿರುತ್ತಾಳೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದವರು ಅದನ್ನು ಉಪನಾಮವೆಂದು ತೆಗೆದುಕೊಂಡು, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬರೆಯುವುದುಂಟು, ಅದು ಮುಂದೆ ಬ್ಯಾಂಕು, ವಿಮೆ, ಚಾಲನಾ ಪರವಾನಗಿ ಎಲ್ಲದಕ್ಕೂ ಹತ್ತಿಕೊಳ್ಳುತ್ತದೆ. ವೀಸಾ ಅರ್ಜಿಗೆ ಮೊದಲೇ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಇದನ್ನು ಸರಿಮಾಡಿಸಿಕೊಳ್ಳುವುದು ಎಷ್ಟೋ ಸುಲಭ. ಕಾರ್ಡಿನಲ್ಲಿ ಇಲಾಖೆಯ ತಪ್ಪಿನಿಂದ ದೋಷವಾಗಿದ್ದರೆ ಶುಲ್ಕವಿಲ್ಲದೆ ತಿದ್ದಿಸಬಹುದು.

ತಾತ್ಕಾಲಿಕ ಕೆಲಸದ ವೀಸಾದವರ ಸಂಗಾತಿಗೆ ಸಿಗುವ ಎಚ್-4 ವೀಸಾದಲ್ಲಿ ಹೋಗಿ ಕೆಲಸ ಮಾಡಲಾಗದೆ ಮನೆಯೊಳಗೇ ಕಾಲ ಕಳೆದ ಹೆಣ್ಣುಮಕ್ಕಳ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಗ್ರೀನ್ ಕಾರ್ಡಿನಲ್ಲಿ, ಅದು ಷರತ್ತಿನದೇ ಆಗಿರಲಿ, ಪ್ರತ್ಯೇಕ ಕೆಲಸದ ಪರವಾನಗಿ ಬೇಕಿಲ್ಲ, ಗಂಡನ ಒಪ್ಪಿಗೆಯೂ ಬೇಕಿಲ್ಲ. ಆದರೆ ಪದವಿಯ ಮೌಲ್ಯಮಾಪನಕ್ಕೆ ಕಾಗದಗಳು ಬೇಕು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲೋ, ಮಣಿಪಾಲದಲ್ಲೋ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿಯ ಯಾವುದೋ ನರ್ಸಿಂಗ್ ಕಾಲೇಜಿನಲ್ಲೋ ಓದಿದವರು ಅಂಕಪಟ್ಟಿಗಳ ಮೊಹರು ಹಾಕಿದ ಟ್ರಾನ್ಸ್‌ಕ್ರಿಪ್ಟ್ ಪ್ರತಿಗಳನ್ನು ಹೊರಡುವ ಮೊದಲೇ ಪಡೆದಿಟ್ಟುಕೊಳ್ಳಬೇಕು. ನರ್ಸಿಂಗ್ ಓದಿದವರಿಗೆ ಆಯಾ ರಾಜ್ಯದ ಮಂಡಳಿಯ ಅನುಮತಿ ಮತ್ತು ಎನ್‌ಕ್ಲೆಕ್ಸ್ ಪರೀಕ್ಷೆ ಕಡ್ಡಾಯ. ನನ್ನ ಮಗಳು ಹೊರಡುವ ಗಡಿಬಿಡಿಯಲ್ಲಿ ಮಿಡಿ ಉಪ್ಪಿನಕಾಯಿಗೂ ಹಲಸಿನ ಹಪ್ಪಳಕ್ಕೂ ಸೂಟ್‌ಕೇಸಿನಲ್ಲಿ ಜಾಗ ಮಾಡಿದ್ದು ಅವಳ ತಾಯಿ. ಟ್ರಾನ್ಸ್‌ಕ್ರಿಪ್ಟಿಗೆ ಜಾಗ ಮಾಡಿದ್ದು ನಾನು. ತಿನಿಸುಗಳನ್ನೆಲ್ಲ ಕಸ್ಟಮ್ಸ್‌ನಲ್ಲಿ ಘೋಷಿಸಬೇಕೆಂಬುದನ್ನು ಮಾತ್ರ ಇಬ್ಬರೂ ಸೇರಿ ಹೇಳಿದೆವು.

ಇನ್ನು ತೆರಿಗೆ. ಗಲ್ಫಿನ ಅನುಭವ ಇಲ್ಲಿ ಪೂರ್ತಿ ದಾರಿ ತಪ್ಪಿಸುತ್ತದೆ, ಏಕೆಂದರೆ ಅಲ್ಲಿ ಸಂಬಳಕ್ಕೆ ಆದಾಯ ತೆರಿಗೆಯೇ ಇಲ್ಲ. ಗ್ರೀನ್ ಕಾರ್ಡ್ ಇರುವವರು ಜಗತ್ತಿನ ಯಾವ ಮೂಲೆಯಲ್ಲಿ ಬಂದ ಆದಾಯವನ್ನಾದರೂ ಅಮೆರಿಕದ ತೆರಿಗೆ ಪಟ್ಟಿಯಲ್ಲಿ ತೋರಿಸಬೇಕು. ಇಲ್ಲಿನ ಠೇವಣಿಯ ಬಡ್ಡಿ, ಬಾಡಿಗೆ, ಷೇರಿನ ಲಾಭ, ಅನಿವಾಸಿಗಳು ವಿದೇಶದ ದುಡಿಮೆ ಇಡುವ, ಭಾರತದಲ್ಲಿ ತೆರಿಗೆಯಿಲ್ಲದ ಎನ್‌ಆರ್‌ಇ ಖಾತೆಯ ಬಡ್ಡಿ ಕೂಡ ಅದರಲ್ಲಿ ಸೇರುತ್ತದೆ. ಎರಡು ದೇಶಗಳ ನಡುವೆ ದ್ವಿತೆರಿಗೆ ತಪ್ಪಿಸುವ ಒಪ್ಪಂದವಿದೆ; ಭಾರತದಲ್ಲಿ ಕಟ್ಟಿದ ತೆರಿಗೆಗೆ ಅಲ್ಲಿ ವಿನಾಯಿತಿ ಕೇಳಬಹುದು, ಆದರೆ ಆದಾಯವನ್ನು ತೋರಿಸದೇ ಇರುವಂತಿಲ್ಲ. ಭಾರತದ ಮ್ಯೂಚುವಲ್ ಫಂಡುಗಳನ್ನು ಅಮೆರಿಕದ ತೆರಿಗೆ ಕಾನೂನು ಪ್ರತ್ಯೇಕವಾದ, ಕಠಿಣವಾದ ಕ್ರಮದಲ್ಲಿ ನೋಡುತ್ತದೆ. ಮಗಳ ಹೆಸರಿನಲ್ಲಿ ಪ್ರತಿ ತಿಂಗಳು ಎಸ್‌ಐಪಿ ಕಟ್ಟುತ್ತಿರುವ ತಂದೆಯರು ಅವಳು ಹೊರಡುವ ಮೊದಲೇ ಲೆಕ್ಕ ಪರಿಶೋಧಕರೊಡನೆ ಕೂತು ಮಾತಾಡುವುದು ಒಳ್ಳೆಯದು.

ಎಲ್ಲಕ್ಕಿಂತ ನಾಜೂಕಿನದು ವಿದೇಶಿ ಖಾತೆಗಳ ವರದಿ. ಅಮೆರಿಕದ ಹೊರಗಿನ ಎಲ್ಲ ಖಾತೆಗಳ ಮೊತ್ತ ಸೇರಿ ವರ್ಷದ ಯಾವುದಾದರೂ ಒಂದು ದಿನ 10,000 ಡಾಲರ್ ದಾಟಿದ್ದರೆ ಎಫ್‌ಬಿಎಆರ್ ಎಂಬ ವರದಿ ಸಲ್ಲಿಸಬೇಕು. ಗಡುವು ಏಪ್ರಿಲ್ 15, ತಾನಾಗಿ ಸಿಗುವ ವಿಸ್ತರಣೆ ಅಕ್ಟೋಬರ್ 15ರವರೆಗೆ. ‘ಅವಳ ಖಾತೆಯಲ್ಲಿ ಅಷ್ಟೆಲ್ಲಿದೆ’ ಎಂದು ನಮ್ಮವರು ನಕ್ಕುಬಿಡುತ್ತಾರೆ. ಆದರೆ ನನ್ನ ಕೌಂಟರಿನ ಮುಂದೆ ಇಷ್ಟು ವರ್ಷ ನಾನು ನೋಡಿದ್ದು ಏನೆಂದರೆ, ನಮ್ಮ ಊರಿನ ತಂದೆ ತಾಯಿ ತಮ್ಮ ನಿವೃತ್ತಿಯ ಠೇವಣಿಗಳಿಗೆಲ್ಲ ಮಗಳ ಅಥವಾ ಮಗನ ಹೆಸರನ್ನು ಜಂಟಿಯಾಗಿ ಸೇರಿಸಿ, ‘ಇಬ್ಬರಲ್ಲೊಬ್ಬರು ಅಥವಾ ಬದುಕುಳಿದವರು’ ಎಂಬ ಷರತ್ತು ಬರೆಸಿರುತ್ತಾರೆ. ಹಣ ತಂದೆಯದಾದರೂ ಆ ಖಾತೆ ಮಗಳ ವರದಿಗೆ ಬರುತ್ತದೆ, ಅದೂ ಅರ್ಧವಲ್ಲ, ಪೂರ್ತಿ ಮೊತ್ತ. ವರದಿ ಸಲ್ಲಿಸಿದ ಮಾತ್ರಕ್ಕೆ ತೆರಿಗೆ ಬೀಳುವುದಿಲ್ಲ, ಆದರೆ ಸಲ್ಲಿಸದಿದ್ದರೆ ದಂಡ ದೊಡ್ಡದು. ನಾನು ಮಗಳ ಹೆಸರನ್ನು ಠೇವಣಿಗಳಿಂದ ತೆಗೆಸಿ ನಾಮಿನಿಯಾಗಿ ಮಾತ್ರ ಇಟ್ಟಿದ್ದೇನೆ. ಕುಟುಂಬದ ಹಣ ಯಾರಿಗೆ ಸೇರಬೇಕೆಂಬುದನ್ನು ಉಯಿಲಿನಲ್ಲಿ ಬರೆದರೆ ಸಾಕು, ಖಾತೆಯ ತಲೆಬರಹದಲ್ಲಿ ಬರೆಯಬೇಕಾಗಿಲ್ಲ.

ಇತ್ತ ಅವಳ ಸ್ವಂತ ಉಳಿತಾಯ ಖಾತೆಯ ವಿಷಯವೂ ಇದೆ. ನೆಲೆಸುವ ಉದ್ದೇಶದಿಂದ ದೇಶ ಬಿಟ್ಟವರು ವಿದೇಶಿ ವಿನಿಮಯ ಕಾನೂನಾದ ಫೆಮಾದ ಪ್ರಕಾರ ಅನಿವಾಸಿಗಳು. ಆದಾಯ ತೆರಿಗೆ ಕಾಯ್ದೆಯ 182 ದಿನದ ಲೆಕ್ಕ ಬೇರೆ, ಇದು ಬೇರೆ. ಆದ್ದರಿಂದ ನಿವಾಸಿ ಉಳಿತಾಯ ಖಾತೆಯನ್ನು ಹಾಗೇ ಮುಂದುವರಿಸುವಂತಿಲ್ಲ, ಅನಿವಾಸಿಗಳ ಸಾಮಾನ್ಯ ಖಾತೆಯಾದ ಎನ್‌ಆರ್‌ಒ ಆಗಿ ಬದಲಾಯಿಸಬೇಕು. ಎನ್‌ಆರ್‌ಒ ಬಡ್ಡಿಗೆ 30 ಪ್ರತಿಶತ ಮತ್ತು ಅದರ ಮೇಲಿನ ಸೆಸ್ ಮೂಲದಲ್ಲೇ ಕಡಿತವಾಗುತ್ತದೆ. ಅಮೆರಿಕದ ತೆರಿಗೆ ನಿವಾಸಿ ಎಂಬ ಪ್ರಮಾಣಪತ್ರ ಕೊಟ್ಟರೆ ಒಪ್ಪಂದದ ಪ್ರಕಾರ 15 ಪ್ರತಿಶತಕ್ಕೆ ಇಳಿಸಿಕೊಳ್ಳಬಹುದು. ಇರುವ ಪಿಪಿಎಫ್ ಖಾತೆಯನ್ನು ಅವಧಿ ಮುಗಿಯುವವರೆಗೆ ನಡೆಸಬಹುದು, ಹೊಸದನ್ನು ತೆರೆಯುವಂತಿಲ್ಲ. ನಮ್ಮ ಜಿಲ್ಲೆಗಳಲ್ಲಿ ಒಂದು ವಿಶೇಷ ತೊಂದರೆಯೂ ಇದೆ. ಇಲ್ಲೇ ಹುಟ್ಟಿದ ಬ್ಯಾಂಕುಗಳಲ್ಲಿ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋದವು. ಹುಡುಗಿ ಶಾಲೆಗೆ ಹೋಗುವಾಗ ಉಡುಪಿಯ ಅಜ್ಜ ತೆರೆದುಕೊಟ್ಟ ಖಾತೆಯೊಂದು ಈಗ ಬೇರೆ ಬ್ಯಾಂಕಿನ ಹೆಸರಿನಲ್ಲಿ, ಬೇರೆ ಐಎಫ್‌ಎಸ್‌ಸಿ ಸಂಕೇತದಲ್ಲಿ, ಯಾರ ನೆನಪಿನಲ್ಲೂ ಇಲ್ಲದೆ ಮಲಗಿರಬಹುದು. ಅಂಥವನ್ನು ಹುಡುಕಿ ಮುಚ್ಚಿಸುವ ಕೆಲಸ ಹೊರಡುವ ಮುಂಚೆಯೇ ಆಗಬೇಕು.

ತೋಟದ ಪ್ರಶ್ನೆ ನಮ್ಮಲ್ಲಿ ಬಂದೇ ಬರುತ್ತದೆ. ಅಜ್ಜಿಯಿಂದ ಬಂದ ಅಡಿಕೆ ತೋಟದ ಪಾಲನ್ನು ಅನಿವಾಸಿಯಾದ ಮೇಲೂ ಇಟ್ಟುಕೊಳ್ಳಬಹುದು, ಮುಂದೆ ಉತ್ತರಾಧಿಕಾರದಲ್ಲಿ ಬಂದರೂ ಪಡೆಯಬಹುದು. ಆದರೆ ಕೃಷಿಭೂಮಿ, ತೋಟ, ಫಾರ್ಮ್‌ಹೌಸುಗಳನ್ನು ಹೊಸದಾಗಿ ಕೊಳ್ಳುವಂತಿಲ್ಲ. ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದೆಂದಾದದ್ದು ನಿಜ, ಅದರಿಂದ ಫೆಮಾದ ನಿರ್ಬಂಧವೇನೂ ಸಡಿಲವಾಗಿಲ್ಲ. ಅಧಿಕಾರಪತ್ರ ಬೇಕಾಗುವಂತಿದ್ದರೆ ಅವಳು ಊರಿನಲ್ಲಿರುವಾಗಲೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿಬಿಡುವುದು ಲೇಸು. ಅಮೆರಿಕದಲ್ಲಿ ಬರೆದುಕೊಟ್ಟರೆ ಅದನ್ನು ದೃಢೀಕರಿಸಿ ಇಲ್ಲಿಗೆ ತರಿಸಿ, ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟುವ ರಗಳೆ ಇರುತ್ತದೆ.

ಮಾಡಲೇಬಾರದ ಎರಡು ಸಂಗತಿಗಳನ್ನು ಮಗಳಿಗೆ ಬರೆದೇ ಕೊಟ್ಟಿದ್ದೇನೆ. ಚಾಲನಾ ಪರವಾನಗಿಯ ಅರ್ಜಿಯಲ್ಲಿ ಮತದಾರರ ಪಟ್ಟಿಗೆ ಸೇರುವಿರಾ ಎಂಬ ಪ್ರಶ್ನೆ ಇರುತ್ತದೆ. ಪೌರರಲ್ಲದವರು ಅದಕ್ಕೆ ಹೌದೆಂದು ಗುರುತು ಹಾಕಿದರೆ ಸುಳ್ಳು ಪೌರತ್ವ ಹೇಳಿಕೆಯಾಗಿ, ದೇಶದಿಂದ ಹೊರಹಾಕುವ ತನಕ ಹೋಗಬಹುದು. ಗಾಂಜಾ ಅಲ್ಲಿನ ಹಲವು ರಾಜ್ಯಗಳಲ್ಲಿ ಅಂಗಡಿಯಲ್ಲೇ ಸಿಗುತ್ತದೆ, ಆದರೆ ವಲಸೆ ಕಾನೂನು ನಡೆಯುವುದು ಅಮೆರಿಕದ ಕೇಂದ್ರ ಸರ್ಕಾರದ ನಿಯಮದಂತೆ, ಅದರಲ್ಲಿ ಗಾಂಜಾ ನಿಷಿದ್ಧವೇ. ಇದನ್ನು ಓದಿ ಮಗಳು, “ಅಪ್ಪಾ, ಎರಡನೆಯದನ್ನು ಬರೆಯಲೇಬೇಕಿತ್ತಾ?” ಎಂದು ಕೇಳಿದಳು. ಬರೆಯಬೇಕಿತ್ತು.

ಪೌರತ್ವದ ಅರ್ಜಿಗೆ ಅವಸರವಿಲ್ಲ, ಆದರೆ ದಿನಗಳ ಲೆಕ್ಕ ಈಗಲೇ ಶುರುವಾಗಿದೆ. ಪೌರನಾದ ಸಂಗಾತಿಯೊಡನೆ ಆ ಅವಧಿಯಿಡೀ ಬಾಳಿದವರು 3 ವರ್ಷಕ್ಕೆ ಅರ್ಹರಾಗುತ್ತಾರೆ, ಉಳಿದವರು 5 ವರ್ಷಕ್ಕೆ. ಷರತ್ತಿನ ಎರಡು ವರ್ಷವೂ ಅದರಲ್ಲಿ ಸೇರುತ್ತದೆ. ಆ 3 ವರ್ಷದಲ್ಲಿ ಕನಿಷ್ಠ 18 ತಿಂಗಳು ದೈಹಿಕವಾಗಿ ಅಲ್ಲಿದ್ದಿರಬೇಕು, ಅರ್ಜಿಯನ್ನು 90 ದಿನ ಮುಂಚಿತವಾಗಿ ಹಾಕಬಹುದು. ಅಲ್ಲಿಯವರೆಗೆ ಅವಳು ಭಾರತದ ಪೌರಳೇ, ಭಾರತದ ಪಾಸ್‌ಪೋರ್ಟಿನ ಅವಧಿ ಮುಗಿಯದಂತೆ ನೋಡಿಕೊಳ್ಳಬೇಕು. ಅಮೆರಿಕದ ಪೌರತ್ವ ಪಡೆದ ಕ್ಷಣ 1955ರ ಪೌರತ್ವ ಕಾಯ್ದೆಯ ಪ್ರಕಾರ ಇಲ್ಲಿನದು ಕೊನೆಗೊಳ್ಳುತ್ತದೆ, ಪಾಸ್‌ಪೋರ್ಟ್ ಒಪ್ಪಿಸಿ ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡಿಗೆ ಅರ್ಜಿ ಹಾಕಬೇಕು. ಬೇಕೋ ಬೇಡವೋ ಎಂಬುದು ಅವಳ ತೀರ್ಮಾನ, ನಾನು ಏನನ್ನೂ ಹೇಳಿಲ್ಲ.

“ನಿಮಗೂ ಇನ್ನು ಗ್ರೀನ್ ಕಾರ್ಡ್ ಆಗುತ್ತದಲ್ಲ?” ಎಂದು ಕೇಳುವವರಿಗೆ ಉತ್ತರ: ಗ್ರೀನ್ ಕಾರ್ಡ್ ಮಾತ್ರ ಇರುವ ಮಗಳು ತಂದೆ ತಾಯಿಗಾಗಲಿ ಒಡಹುಟ್ಟಿದವರಿಗಾಗಲಿ ಅರ್ಜಿ ಹಾಕಲು ಬರುವುದಿಲ್ಲ. ಅದಕ್ಕೆ 21 ತುಂಬಿದ ಪೌರಳಾಗಿರಬೇಕು. ಮುಂದೆ ಆ ಅವಕಾಶ ಬಂದರೂ ನಾವು ಬೇಡವೆನ್ನುವವರೇ. ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಇರುತ್ತೇವೆಂದು ಕಾರ್ಡ್ ಮಾಡಿಸಿಕೊಂಡ ಹಿರಿಯರಿಗೆ ಮನೆ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರಿಸುವುದು ಕಷ್ಟ, ನಮ್ಮ ಉತ್ತರವಂತೂ ಕದ್ರಿಯೇ. ಆದ್ದರಿಂದ ನಾವಿಬ್ಬರೂ ಸಂದರ್ಶಕರ ವೀಸಾಕ್ಕೆ ಅರ್ಜಿ ತುಂಬಿಸುತ್ತಿದ್ದೇವೆ. ಮೊದಲು ಫೋನ್ ಮಾಡಿದ್ದ ಹೆಂಡತಿಯ ಅಣ್ಣನಿಗೂ ಇದನ್ನೆಲ್ಲ ವಿವರಿಸಿದೆ. ಅವರು ಪೂರ್ತಿ ಒಪ್ಪಲಿಲ್ಲ. ತಮ್ಮ ಮಗನಿಗೂ ಈಗ ಅಮೆರಿಕದ ಸಂಬಂಧ ಬಂದಿರುವುದರಿಂದ ಐ-864ರ ಪ್ರತಿಯನ್ನು ಯಾರ ಬಳಿ ಕೇಳಬೇಕೆಂದು ಮಾತ್ರ ವಿಚಾರಿಸಿಕೊಂಡು ಹೋದರು.